ನಿಧನದ ಕಾಲಮಿಗೆ ಬಂದ ಒಂದು ಫೋಟೋ

ಆ ಹೆಣ್ಣುಮಗಳು ಗಂಗಾವತಿಯ ನನ್ನ ಕೋಣೆಗೆ ಬಂದದ್ದು ಒಂದು ಸಲವೋ ಎರಡು ಸಲವೋ, ಈಗ ಖಚಿತವಾಗಿ ಹೇಳಲಾರೆ. ಎರಡನೆಯ ಭೇಟಿ ನಾನೇ ಕಟ್ಟಿಕೊಂಡದ್ದಿರಬಹುದು.

ಆಗ ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರ. ಮೊದಲೆಲ್ಲ ಸಂಜೆಯಾದರೆ ಬಸ್‌ಸ್ಟ್ಯಾಂಡ್ ಹಿಂದಿನ ಆ ಕೋಣೆಯ ಮೆಟ್ಟಿಲ ಮೇಲೆ ಜನ ಕಾಯುತ್ತಿದ್ದರು. ಕೈಯಲ್ಲಿ ಸಂಘದ ಮನವಿ, ಸನ್ಮಾನದ ಸುದ್ದಿ, ತೀರಿಕೊಂಡವರ ಫೋಟೋ. ಊರಿನವರ ಫೇಸ್‌ಬುಕ್, ವಾಟ್ಸ್ಯಾಪ್ ಗ್ರೂಪುಗಳು ಬಂದ ಮೇಲೆ ಮೆಟ್ಟಿಲು ಖಾಲಿಯಾಯಿತು. ದೂರುವ ಹಕ್ಕು ನನಗಿರಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ನಾನೇ ಬ್ಲಾಗ್ ತೆರೆದು, ಇನ್ನು ಮುಂದೆ ಪ್ರತಿಯೊಬ್ಬನೂ ವರದಿಗಾರನೇ ಎಂದು ಬರೆದಿದ್ದೆ. ಅದು ನಿಜವಾದಾಗ ಒಬ್ಬನೇ ಕೂತು ಫ್ಯಾನಿನ ಸದ್ದು ಕೇಳುತ್ತಿದ್ದೆ.

ಆಕೆ ಸಾಣಾಪುರದವಳು. ಕಾಲುವೆಯ ಗೇಟು ಎತ್ತುವ ಕೆಲಸದಲ್ಲಿದ್ದ ಗಂಡ ತೀರಿಕೊಂಡಿದ್ದ. ಅವನ ಫೋಟೋ ಮೇಜಿನ ಮೇಲಿಟ್ಟಳು. ಆ ಸುದ್ದಿಯನ್ನು ನಾನು ಗ್ರೂಪಿನಲ್ಲಿ ಆಗಲೇ ನೋಡಿದ್ದೆ.

“ಯವ್ವಾ, ಫೋನಿನ್ಯಾಗ ಎಲ್ಲಾರಿಗೂ ಗೊತ್ತಾಗೇತಿ. ಮಣ್ಣೂ ಆತು. ಇನ್ನ ಪೇಪರ್ ಯಾಕ?”

“ಫೋನಿನ್ಯಾಗ ನನ್ನ ಗಂಡ ಸತ್ತಿದ್ದಕ್ಕ ಮಂದಿ ಹೆಬ್ಬಟ್ಟು ಎತ್ಯಾರ. ಛಲೋ ಆತು ಅಂತನ್ರಿ ಅದು?” ಎಂದಳು. “ಸಂಜಿಗೆ ನೋಡಿದ್ರ ಅವನ ಕೆಳಗ ಯಾರದೋ ಬರ್ತಡೇ ಕೇಕು. ಅಂವ ದಿನಾ ಚಾದಂಗಡ್ಯಾಗ ಕುಂತು ಪೇಪರಿನ ನಿಧನ ಓದಿ ಹೇಳ್ತಿದ್ದ. ಊರ ಮಂದೀದೆಲ್ಲಾ ಓದ್ಯಾನ. ಅವಂದೊಂದು ಬರಬಾರದೇನ್ರಿ?”

ಡೆಸ್ಕಿಗೆ ಫೋನ್ ಮಾಡಿದೆ. ಅಲ್ಲಿಯ ಉಪಸಂಪಾದಕ ಅಷ್ಟೊತ್ತಿಗೆ ನನ್ನನ್ನು ಕೇಳುವುದು ಬಿಟ್ಟು ಗ್ರೂಪುಗಳಿಂದಲೇ ಪುಟ ತುಂಬಿಸುತ್ತಿದ್ದ. “ಅದು ನಿನ್ನೇನ ಗ್ರೂಪಿನ್ಯಾಗ ಬಂದೈತಲ್ರಿ, ಹಳೇದಾತು,” ಎಂದ. ಆದರೂ ಬರೆದು ಕಳಿಸಿದೆ.

“ನೀವೂ ಆ ಗ್ರೂಪಿನ್ಯಾಗ ಅದೀರೇನ್ರಿ?” ಏಳುವಾಗ ಆಕೆ ಕೇಳಿದಳು.

“ಅದೀನಿ.”

“ನೀವೂ ಹೆಬ್ಬಟ್ಟು ಎತ್ತೀರೇನು ಮತ್ತ?”

ಇಲ್ಲ ಎಂದ ನೆನಪು.

ಪೇಪರಿನ ತುಣುಕಿಗೆ ಪ್ಲಾಸ್ಟಿಕ್ ಹಾಕಿಸಿ, ಆಕೆ ಮತ್ತೊಮ್ಮೆ ಬಂದು ತೋರಿಸಿದಳೆಂದು ಬಹಳ ದಿನ ನಂಬಿದ್ದೆ. ಆಮೇಲೆ ಅದೂ ಅನುಮಾನವಾಯಿತು. ಒಬ್ಬನೇ ಕೂತವನಿಗೆ ಯಾರೋ ಮೆಟ್ಟಿಲು ಹತ್ತಿ ಬಂದಂತೆ ಅನ್ನಿಸುವುದು ದೊಡ್ಡ ಸಂಗತಿಯಲ್ಲ. ಆ ದಿನಗಳಲ್ಲಿ ನನ್ನದೇ ಪತ್ರಿಕೆಯನ್ನು ನಾನೂ ಬಿಡಿಸಿ ನೋಡುತ್ತಿರಲಿಲ್ಲ.

ವರ್ಷಗಳ ನಂತರ, ಗ್ರೂಪಿನ ಪೋಸ್ಟಿನಲ್ಲಿದ್ದ ತಾರೀಖು ಹಿಡಿದು, ಕೊಪ್ಪಳದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿದೆ. ಆಕೆ ಮತ್ತೆ ಬಂದಳೋ ಇಲ್ಲವೋ ಎಂಬುದು ಅಲ್ಲಿ ಸಿಗುವಂಥದ್ದಲ್ಲ. ಸುದ್ದಿಯಂತೂ ಬಂದಿತ್ತು, ಒಳಪುಟದ ಕೆಳಗೆ, ಟೆಂಡರ್ ಜಾಹೀರಾತಿನ ಪಕ್ಕ. ಕೊನೆಯ ಸಾಲು: ಮೃತರಿಗೆ ಪತ್ನಿ ಇದ್ದಾರೆ.