ಸರ್ವಿಸ್ ಮೇಸ್ತ್ರಿಯ ಎಡಗೈ

ಡಬ್ಬಿ ಮುಚ್ಚಳದ ಕಾರ್ಖಾನೆಯಲ್ಲಿ ಅವನಿಗೆ ಸರ್ವಿಸ್ ಮೇಸ್ತ್ರಿ ಅಂತಲೇ ಹೆಸರು. ಬಾಯಿ ತೆಗೆದರೆ "ನನ್ನ ಸರ್ವಿಸ್‌ನಲ್ಲಿ" ಅಂತಲೇ ಶುರು. ಮಳೆ ಬಂದರೆ ಅವನ ಸರ್ವಿಸ್‌ನಲ್ಲಿ ಇದಕ್ಕಿಂತ ದೊಡ್ಡ ಮಳೆ ಬಂದಿತ್ತು. ಯಾರಿಗಾದರೂ ಹಲ್ಲುನೋವು ಅಂದರೆ ಅವನ ಸರ್ವಿಸ್‌ನಲ್ಲಿ ಅದಕ್ಕಿಂತ ದೊಡ್ಡ ಹಲ್ಲು ಕಿತ್ತಿದ್ದರು. ಜನ ನಗುತ್ತಿದ್ದರು, ಆದರೆ ಬೆನ್ನ ಹಿಂದೆ. ಯಾಕೆಂದರೆ ಕೆಲಸದಲ್ಲಿ ಮನುಷ್ಯ ಸುಳ್ಳಲ್ಲ. ಒಂದು ಸಲ ಗೋಡೆಯಾಚೆ ಟೀ ಕುಡಿಯುತ್ತಿದ್ದವನು ಲೋಟ ಬಿಸಾಡಿ ಓಡಿಬಂದು ಒಂದು ಪ್ರೆಸ್ಸಿನ ಕರೆಂಟು ತೆಗೆದಿದ್ದ. ಬಿಚ್ಚಿ ನೋಡಿದರೆ ದೊಡ್ಡ ಚಕ್ರದ ಬೋಲ್ಟು ಅರ್ಧಕ್ಕೆ ಸೀಳಿತ್ತು. ಬರೀ ಸದ್ದಿನಲ್ಲಿ ಹಿಡಿದಿದ್ದ. ಅವತ್ತು ಅವನು ಕೂತೇ ಇದ್ದಿದ್ದರೆ ಇಬ್ಬರು ಮನೆ ಸೇರುತ್ತಿರಲಿಲ್ಲ.

ಪ್ರೆಸ್ ಅಂದರೆ ಆಳೆತ್ತರದ ಕಬ್ಬಿಣ. ತಗಡು ಇಡಬೇಕು, ಎರಡು ಬದಿಯ ಎರಡು ಗುಂಡಿಯನ್ನು ಎರಡು ಕೈಯಲ್ಲಿ ಒಟ್ಟಿಗೆ ಒತ್ತಬೇಕು, ಆಗ ಮೇಲಿನ ಅಚ್ಚು ಧಡಾರನೆ ಬೀಳುತ್ತದೆ. ಎರಡು ಗುಂಡಿ ಯಾಕೆ ಅಂತ ಮಗುವಿಗೂ ತಿಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ, ಅಚ್ಚಿನ ಕೆಳಗೆ ಇಡುವುದಕ್ಕೆ ಮೂರನೇ ಕೈ ಯಾರಿಗೂ ಇಲ್ಲ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಅಲ್ಲೊಂದು ಪದ್ಧತಿ. ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ, ಎಡಗಡೆ ಗುಂಡಿಯನ್ನು ಒತ್ತಿದ ಹಾಗೇ ಬಿಗಿದು ಕಟ್ಟುವುದು. ಆಮೇಲೆ ಬಲಗೈ ಒತ್ತುತ್ತದೆ, ಎಡಗೈ ತಗಡು ತಳ್ಳುತ್ತದೆ, ಮುಚ್ಚಳ ಎಳೆಯುತ್ತದೆ. ಹೊಸಬರಿಗೆ ಇದು ಕೂಡದು. ಹೊಸಬ ತಿಂಗಳುಗಟ್ಟಲೆ ಎರಡು ಕೈಯಲ್ಲಿ ಒತ್ತಿ ಒತ್ತಿ, ಕೈಗೆ ತಾಳ ಕೂತ ಮೇಲೆ, ಮೇಸ್ತ್ರಿ ಬಂದು ತನ್ನ ಕೈಯಾರೆ ರಬ್ಬರ್ ಕಟ್ಟಬೇಕು. ಕಟ್ಟಿಸಿಕೊಂಡವನು ಎಲ್ಲರಿಗೂ ಟೀ ಕೊಡಿಸಬೇಕು. ಅಲ್ಲಿಗೆ ಅವನು ಅನುಭವಸ್ಥ. ಮ್ಯಾನೇಜರ್ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದ. ಮುಚ್ಚಳ ಜಾಸ್ತಿ ಬೀಳುತ್ತಿದ್ದರೆ ಯಾವ ಮ್ಯಾನೇಜರಿಗೆ ಕಣ್ಣು ಕಾಣುತ್ತದೆ!

ಆ ವರ್ಷ ಮೇಸ್ತ್ರಿಯ ಅಕ್ಕನ ಮಗ ಕೆಲಸಕ್ಕೆ ಸೇರಿದ. ಮೂವತ್ತು ದಾಟಿದ ಆಳು, ಚಪ್ಪಲಿ ಅಂಗಡಿಯಲ್ಲಿದ್ದ, ಅಂಗಡಿ ಮುಚ್ಚಿತು. ಅವನ ಅಮ್ಮ ಗಂಡ ಸತ್ತ ಮೇಲೆ ಹೊಲಿಗೆ ಮಿಷನ್ ತುಳಿದು ಮಗನನ್ನು ಸಾಕಿದವಳು. ಈಗ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲಾಗದು. ಮನೆ ನಿಂತಿದ್ದೇ ಮಗನ ಕೈಮೇಲೆ.

"ನಿನ್ನ ಕೈಗೆ ಹಾಕಿದೀನಿ ತಮ್ಮ" ಅಂದಿದ್ದಳು.

"ನನ್ನ ಸರ್ವಿಸ್‌ನಲ್ಲಿ ಒಬ್ಬನ ಉಗುರೂ ಮುರಿದಿಲ್ಲ ಅಕ್ಕ" ಅಂದಿದ್ದ ಮೇಸ್ತ್ರಿ.

ಅಷ್ಟರಲ್ಲಿ ದೇಶದ ದೊಡ್ಡ ಕುರ್ಚಿಗೆ ಚುನಾವಣೆ ಬಂತು. ಒಂದು ಕಡೆ ಮೂವತ್ತು ವರ್ಷ ಅಧಿಕಾರದಲ್ಲೇ ಕೂದಲು ಹಣ್ಣು ಮಾಡಿಕೊಂಡ ಹಳೇ ಮಂತ್ರಿ. ಇನ್ನೊಂದು ಕಡೆ ಒಬ್ಬ ಡಾಕ್ಟರಮ್ಮ, ಆಸ್ಪತ್ರೆಯ ಕುರ್ಚಿ ಬಿಟ್ಟು ಬೇರೆ ಕುರ್ಚಿ ಕಂಡವಳಲ್ಲ. ಟೀ ಹೊತ್ತಿಗೆ ಕಾರ್ಖಾನೆಯ ಹಿಂದಿನ ಕಟ್ಟೆಯ ಮೇಲೆ ದಿನಾ ಇದೇ ಜಗಳ.

"ಡಾಕ್ಟರಮ್ಮನ ಕೈಗೆ ದೇಶ ಕೊಡೋದಾ?" ಮೇಸ್ತ್ರಿ ಶುರು ಮಾಡಿದ. "ಟೀವಿಯವರು ಪಕ್ಕದ ದೇಶದ ಒಪ್ಪಂದದ ಬಗ್ಗೆ ಕೇಳಿದ್ರೆ 'ಓದಿ ಹೇಳ್ತೀನಿ' ಅಂದಳಂತೆ. ಶತ್ರು ಬಾಗಿಲಿಗೆ ಬಂದಾಗ, ಇರಪ್ಪಾ, ಪುಸ್ತಕ ತಂದೆ ಅಂತಾಳಾ?"

"ಗೊತ್ತಿಲ್ಲ ಅಂತ ಹೇಳೋಕೂ ಎದೆ ಬೇಕು ಮಾವ," ಅಂದ ಅಳಿಯ. "ನಿಮ್ಮ ಮಂತ್ರಿಗೆ ಎಲ್ಲಾ ಗೊತ್ತು. ಮೂವತ್ತು ವರ್ಷದಿಂದ ಗೊತ್ತು. ರಸ್ತೆ ಮಾತ್ರ ಹಾಗೇ ಇದೆ."

"ಹೊಸ ಡ್ರೈವರ್ ಬಸ್ಸಿಗೆ ನಿಮ್ಮಮ್ಮನ್ನ ಹತ್ತಿಸ್ತೀಯೇನೋ?"

"ಹಳಬ ಮೂರು ಸಲ ಹಳ್ಳಕ್ಕೆ ಇಳಿಸಿದ್ರೆ ಅವನ ಬಸ್ಸಿಗೂ ಹತ್ತಿಸಲ್ಲ."

"ಮೂರು ಸಲ ಬಿದ್ದವನಿಗೇ ಕಣೋ ಹಳ್ಳ ಎಲ್ಲಿದೆ ಅಂತ ಗೊತ್ತಿರೋದು!"

ಪ್ಯಾಕಿಂಗ್ ಮಾಡುವ ಹೆಂಗಸು ಇದ್ದಳು, ಎಲ್ಲರಿಗೂ ಚಿಕ್ಕಮ್ಮ. ಅವಳು ಲೋಟ ಕೆಳಗಿಟ್ಟು ಅಂದಳು: "ನಿಜ ಮೇಸ್ತ್ರಿ, ಅನುಭವ ಬೇಕೇ ಬೇಕು. ಬಿದ್ದ ಮೇಲೆ ತಪ್ಪನ್ನ ಯಾರ ತಲೆಗೆ ಕಟ್ಟಬೇಕು ಅಂತ ಹೊಸಬರಿಗೆ ಎಲ್ಲಿ ಗೊತ್ತಾಗತ್ತೆ, ಪಾಪ. ಅತ್ತೆ ಒಡೆದ್ರೆ ಹಳೇ ಗಡಿಗೆ, ಸೊಸೆ ಒಡೆದ್ರೆ ಹೊಸ ಗಡಿಗೆ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಈ ಸಲ ಬೆನ್ನ ಹಿಂದಲ್ಲ, ಮುಖಕ್ಕೇ. ಅಳಿಯನೂ ನಕ್ಕ. ಮೇಸ್ತ್ರಿಯ ಕಿವಿ ಕೆಂಪಗಾಯಿತು. ಕೋಪ ಅವನಿಗೆ ಮೊದಲೇ ಮೂಗಿನ ತುದಿಯಲ್ಲಿ. ಎದ್ದವನೇ ಅಳಿಯನ ಪ್ರೆಸ್ಸಿನ ಹತ್ತಿರ ಹೋದ. ಎಲ್ಲರೂ ಹಿಂದೆಯೇ ಬಂದರು. ಜೇಬಿನಿಂದ ರಬ್ಬರ್ ಪಟ್ಟಿ ತೆಗೆದು ಎಡಗಡೆ ಗುಂಡಿಗೆ ಬಿಗಿಯತೊಡಗಿದ. ಅಳಿಯ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ.

"ಬೇಡ ಮಾವ, ನನಗಿನ್ನೂ ತಾಳ ಸಿಕ್ಕಿಲ್ಲ."

"ಯಾಕೆ? ಹೊಸಬರೇ ದೇಶ ಆಳಬಹುದು ಅಂದೆ. ಒಂದು ಮುಚ್ಚಳ ಒತ್ತೋಕೆ ಭಯಾನಾ?"

"ಭಯ ಅಂತಲ್ಲ…"

"ಹಾಗಾದ್ರೆ ಒತ್ತು. ಅನುಭವ ಅಂದ್ರೆ ಏನು ಅಂತ ಕೈಗೇ ಗೊತ್ತಾಗಲಿ."

ಇಷ್ಟು ಜನರ ಮುಂದೆ, ಅದೂ ಸೋದರಮಾವ ಕಟ್ಟಿದ ರಬ್ಬರನ್ನು ಬಿಚ್ಚುವುದು ಹೇಗೆ? ಅಳಿಯ ಒತ್ತಿದ. ಚೆನ್ನಾಗಿಯೇ ಒತ್ತಿದ. ಮುಚ್ಚಳಗಳು ಬೀಳುತ್ತಾ ಹೋದವು. ಸಂಜೆಗೆ ಟೀ ನಿನ್ನದೇ ಅಂತ ಯಾರೋ ಕೂಗಿದರು.

ಸಂಜೆಯವರೆಗೆ ಹೋಗಲಿಲ್ಲ. ಒಂದು ಮುಚ್ಚಳ ಅಚ್ಚಿಗೆ ಕಚ್ಚಿಕೊಂಡಿತು. ಅದನ್ನು ಕೀಳಲು ಎಡಗೈ ಒಳಗೆ ಹೋಯಿತು. ಬಲಗೈಗೆ ಆಗಷ್ಟೇ ಹಿಡಿದಿದ್ದ ತಾಳ, ಅದು ನಿಲ್ಲಲಿಲ್ಲ, ಒತ್ತಿತು. ಆ ಸದ್ದು ಮಾತ್ರ ಬೇರೆ ಇತ್ತು. ಮೇಸ್ತ್ರಿ ಆ ಮೂಲೆಯಿಂದ ಸದ್ದಿನಲ್ಲೇ ಹಿಡಿದು ಓಡಿಬಂದ.

ಎಡಗೈಯ ನಾಲ್ಕು ಬೆರಳು ಹೋಗಿದ್ದವು. ಹೆಬ್ಬೆರಳು ಉಳಿದಿತ್ತು.

ಆಸ್ಪತ್ರೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅತ್ತೂ ಅತ್ತೂ ಸೆರಗು ಒದ್ದೆ. ಮೇಸ್ತ್ರಿ ಕರವಸ್ತ್ರ ಕೊಡಲು ಜೇಬಿಗೆ ಕೈ ಹಾಕಿದ. ಬಂದದ್ದು ರಬ್ಬರ್ ಪಟ್ಟಿ. ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ನೆನಪು ಒಂದೊಂದೇ ಬಂತು. ಓಡಿಬಂದವನು ಕರೆಂಟು ತೆಗೆಯುವ ಮೊದಲು, ಅಳಿಯನನ್ನು ಹಿಡಿದುಕೊಳ್ಳುವ ಮೊದಲು, ಗುಂಡಿಯ ರಬ್ಬರ್ ಕಿತ್ತು ಜೇಬಿಗೆ ಹಾಕಿದ್ದ. ಯಾರೂ ಹೇಳಿಕೊಟ್ಟದ್ದಲ್ಲ. ಯೋಚನೆ ಮಾಡಿ ಮಾಡಿದ್ದೂ ಅಲ್ಲ. ಅಳಿಯ ಕಿರುಚುತ್ತಿದ್ದ, ಇವನ ಎಡಗೈ ತನ್ನ ಕೆಲಸ ತಾನು ಮುಗಿಸಿತ್ತು. ಅಕ್ಕನಿಗೆ ಮಂಜುಗಣ್ಣು, ಕಾಣಲಿಲ್ಲ. ಅವನು ಪಟ್ಟಿಯನ್ನು ಮತ್ತೆ ಜೇಬಿನೊಳಗೆ ತುರುಕಿದ.

ಮಾರನೇ ದಿನ ಇಡೀ ಕಾರ್ಖಾನೆಯಲ್ಲಿ ಒಂದು ಗುಂಡಿಗೂ ರಬ್ಬರ್ ಇರಲಿಲ್ಲ. ಸರ್ಕಾರದ ಇನ್‌ಸ್ಪೆಕ್ಟರ್ ಬಂದ. "ಎರಡು ಗುಂಡಿ ಇರೋ ಪ್ರೆಸ್ಸಿಗೆ ಕೈ ಹೇಗೆ ಸಿಕ್ಕಿತು?" ಅಂದ.

"ಹೊಸಬ ಸರ್, ಏನು ಮಾಡಿಕೊಂಡನೋ," ಅಂದ ಮ್ಯಾನೇಜರ್. "ಮೇಸ್ತ್ರಿಯನ್ನ ಕೇಳಿ."

"ಆಸ್ಪತ್ರೆಯಲ್ಲಿ ಅವನೂ ಅದನ್ನೇ ಹೇಳಿದ," ಅಂದ ಇನ್‌ಸ್ಪೆಕ್ಟರ್. "'ಮಾವನ್ನ ಕೇಳಿ, ಅವರು ಏನು ಹೇಳ್ತಾರೋ ಅದೇ' ಅಂದ. ಹೇಳಿ. ಅವನೇ ಗುಂಡಿಗೆ ಏನಾದರೂ ಕಟ್ಟಿಕೊಂಡಿದ್ದರೆ ತಪ್ಪು ಅವನದು, ಪರಿಹಾರ ಇಲ್ಲ, ಕೆಲಸವೂ ಇಲ್ಲ. ಇಲ್ಲಿಯ ಪದ್ಧತಿಯೇ ಹಾಗಿದ್ದರೆ ಕಾರ್ಖಾನೆ ಉತ್ತರ ಕೊಡಬೇಕು."

ಸುತ್ತ ನಿಂತವರೆಲ್ಲ ಮೇಸ್ತ್ರಿಯನ್ನೇ ನೋಡಿದರು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದರೆ ಎಲ್ಲರ ಮನೆಯ ಒಲೆಯೂ ಆರುತ್ತದೆ. ಕಟ್ಟಿದವನು ಯಾರು ಅಂತ ಗೊತ್ತಾದರೆ ಮೊದಲು ಆರುವುದು ಇವನದೇ. ಚಿಕ್ಕಮ್ಮ ನೆಲ ನೋಡುತ್ತಿದ್ದಳು.

"ಏನೋ ಸಿಕ್ಕಿಸಿಕೊಂಡಿರಬೇಕು ಸರ್," ಅಂದ ಮೇಸ್ತ್ರಿ. "ಹೊಸಬ. ಅನುಭವ ಸಾಲದು."

ಮತದಾನದ ದಿನ ಶಾಲೆಯ ಅಂಗಳದಲ್ಲಿ ಸಾಲು ಉದ್ದವಿತ್ತು. ಅಕ್ಕ ಮಗನ ಭುಜ ಹಿಡಿದು ನಿಂತಿದ್ದಳು. ಅಳಿಯನ ಎಡಗೈ ಬಟ್ಟೆಯ ಉಂಡೆ. ಮೇಸ್ತ್ರಿ ಹಿಂದೆ ಸೇರಿಕೊಂಡ. ಮುಂದೆ ನಿಂತವನೊಬ್ಬ ಹಳೇ ಮಂತ್ರಿಯ ಅನುಭವವನ್ನು ಇನ್ನೂ ಹೊಗಳುತ್ತಿದ್ದ. ಬೇರೆ ದಿನವಾಗಿದ್ದರೆ ಮೇಸ್ತ್ರಿ ಅವನ ಜೊತೆ ಸೇರಿ ನಾಲ್ಕು ಮಾತು ಹಾಕುತ್ತಿದ್ದ.

ಅಕ್ಕ ಅವನ ಕೆಮ್ಮಿನಿಂದಲೇ ಗುರುತು ಹಿಡಿದಳು. "ತಮ್ಮ, ಮ್ಯಾನೇಜರ್ ಹೇಳಿ ಕಳಿಸಿದಾನೆ. ತಪ್ಪು ಇವನದೇ ಅಂತೆ. ಕೆಲಸಕ್ಕೂ ಬರೋದು ಬೇಡ ಅಂತೆ. ಇವನನ್ನ ಕೇಳಿದ್ರೆ ಬಾಯೇ ಬಿಡಲ್ಲ. ನೀನು ಅಲ್ಲೇ ಇದ್ದೆ. ಹೌದೇನೋ?"

ಅಳಿಯ ತಿರುಗಿ ನೋಡಲಿಲ್ಲ. ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಮೇಸ್ತ್ರಿ ಜೇಬಿನಿಂದ ಪಟ್ಟಿ ತೆಗೆದು ಅಕ್ಕನ ಅಂಗೈಯಲ್ಲಿಟ್ಟ. ಅವಳು ಹೊಲಿಗೆಯವಳು, ಬೆರಳಲ್ಲೇ ಅಳೆದು ನೋಡಿದಳು.

"ಇದೇನು, ರಬ್ಬರಾ?"

"ನಾನೇ ಕಟ್ಟಿದ್ದು ಅಕ್ಕ. ಅವನು ಬೇಡ ಅಂದ."

ಅಕ್ಕ ಇನ್ನೊಂದು ಕೈಯಿಂದ ಮಗನ ಬಟ್ಟೆಯ ಉಂಡೆಯನ್ನು ಸವರಿದಳು. ಬೈದಿದ್ದರೆ ವಾಸಿಯಿತ್ತು. ಅಳಿಯ ಬಲಗೈಯಲ್ಲಿ ಆ ಪಟ್ಟಿಯನ್ನು ತೆಗೆದು ಮಾವನಿಗೇ ವಾಪಸು ಕೊಟ್ಟ. "ನಮಗೆ ತೋರಿಸಿ ಏನು ಬಂತು ಮಾವ? ಬರ್ಕೊಂಡು ಹೋದವರಿಗೆ ತೋರಿಸಿ."

ಮೇಸ್ತ್ರಿ ಸಾಲು ಬಿಟ್ಟು ಹೊರಟ. ಮತವನ್ನೂ ಹಾಕಲಿಲ್ಲ. ಬಿಸಿಲಲ್ಲಿ ನಡೆದು ಇನ್‌ಸ್ಪೆಕ್ಟರ್ ಕಚೇರಿಗೆ ಹೋದರೆ ಬಾಗಿಲಿಗೆ ಬೀಗ. ಕಾವಲಿನವನು ನಕ್ಕ: "ಯಜಮಾನ್ರೇ, ಇವತ್ತು ಓಟು. ರಜಾ ಅಂತ ಗೊತ್ತಿಲ್ವಾ? ಇಷ್ಟು ವಯಸ್ಸಾಗಿದೆ." ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು, ಎದ್ದು, ಮನೆಗೆ ಹೋದ. ಮರುದಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿದ್ದ.

ಇನ್‌ಸ್ಪೆಕ್ಟರ್ ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಕೇಳಿದ, "ಹಾಗಾದ್ರೆ ಅವತ್ತು ಯಾಕೆ ಹಾಗೆ ಹೇಳಿದಿರಿ?"

"ಬಾಯಿಗೆ ರೂಢಿ ಸರ್," ಅಂದ ಮೇಸ್ತ್ರಿ.

ಅಳಿಯನಿಗೆ ಪರಿಹಾರ ಬರುವ ದಾರಿಯಾಯಿತು, ಬೆರಳು ಬರುವ ದಾರಿ ಯಾರ ಕೈಯಲ್ಲೂ ಇರಲಿಲ್ಲ. ಮೇಸ್ತ್ರಿಯ ಕೆಲಸ ಆ ವಾರವೇ ಹೋಯಿತು. ರಬ್ಬರ್ ನಿಂತು ದುಡಿಮೆ ಇಳಿದದ್ದಕ್ಕೆ ಜೊತೆ ಕೆಲಸದವರು ಅವನಿಗೇ ಶಾಪ ಹಾಕಿದರು. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದರು. ಹಳೇ ಮಂತ್ರಿಯೇ ಗೆದ್ದ. ಸುದ್ದಿ ಬಂದಾಗ ಮೇಸ್ತ್ರಿ ಅಕ್ಕನ ಮನೆಯ ಹೊಸ್ತಿಲ ಹೊರಗೆ ಕೂತಿದ್ದ. ಅವಳು ಒಳಗೆ ಬಾ ಅಂದಿರಲಿಲ್ಲ, ಹೋಗು ಅಂತಲೂ ಅಂದಿರಲಿಲ್ಲ. ಒಳಗೆ ಅಳಿಯ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಮೇಸ್ತ್ರಿಯ ಎಡಗೈ ತೊಡೆಯ ಮೇಲೆ ತಗಡು ತಳ್ಳುವ ಹಾಗೆ ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು, ಮುಂದಕ್ಕೆ, ಹಿಂದಕ್ಕೆ. ಅವನು ಬಲಗೈಯಿಂದ ಅದನ್ನು ಅದುಮಿ ಹಿಡಿದುಕೊಂಡು ಕೂತ.