ಗಂಜಿ ತೆಗೆದ ಕಂಬಳಿ

ಪ್ಲೇಗಿನ ವರ್ಷ ಬೈಲಹೊಂಗಲದ ಹೊರಗೆ ಹಾಕಿದ ಗುಡಿಸಲಲ್ಲಿ ನಾನು ಜ್ವರದಿಂದ ಎಚ್ಚರ ತಪ್ಪಿ ಬಿದ್ದಿದ್ದಾಗ, ನನ್ನನ್ನು ಸಾಕಿ ಬೆಳೆಸಿದ ಅಕ್ಕ ಕೇದಾರನಾಥನಿಗೆ ಹರಕೆ ಹೊತ್ತಳು. ತಮ್ಮ ಉಳಿದರೆ ಇಬ್ಬರೂ ನಡೆದು ಬರುತ್ತೇವೆ ಎಂದು. ನಾನು ಉಳಿದೆ. ಅರಳೆ ಚೀಲ ಹೊತ್ತವನು ಅರಳೆ ಅಂಗಡಿ ಇಟ್ಟೆ. ಹರಕೆ ಮಾತ್ರ ಹಾಗೇ ಉಳಿಯಿತು. ಅಷ್ಟರಲ್ಲಿ ಅಕ್ಕನಿಗೆ ಉಬ್ಬಸ ಅಂಟಿಕೊಂಡಿತು.

ಈ ಬೇಸಿಗೆಗೆ ಹೋಗಲೇಬೇಕೆಂದು ಅವಳು ಹಟ ಹಿಡಿದಾಗ, ನಾನು ಕುರುಬರೊಡನೆ ಅರ್ಧ ದಿನ ಚೌಕಾಸಿ ಮಾಡಿ ಎರಡು ಕರಿ ಕಂಬಳಿ ತಂದೆ. ಹುಣಸೆಬೀಜದ ಗಂಜಿ ಕುಡಿದು ಹಲಗೆಯಂತೆ ಬಿರುಸಾದವು, ಮಳೆನೀರು ಮೇಲೆಯೇ ಜಾರಿ ಹೋಗುವಂಥವು. ಅವನ್ನು ಹೊತ್ತುಕೊಂಡು ಅಕ್ಕನೂ ನಾನೂ, ಕೇದಾರಕ್ಕೆ ಹೋಗಿಬಂದಿದ್ದ ಮುರಗೋಡದ ಒಬ್ಬ ಮುದಿ ಸ್ವಾಮಿಗಳನ್ನು ಕಂಡೆವು.

ದೂರದ ಹಾದಿ ಹಿಡಿಯುವವರಿಗೆ ನನ್ನದೊಂದು ಬುದ್ಧಿಮಾತಿದೆ. ಹೋಗಿಬಂದವರನ್ನು ದರ್ಶನ ಹೇಗಾಯಿತೆಂದು ಕೇಳಬೇಡಿ. ಜೊತೆಗಿದ್ದವರಲ್ಲಿ ಯಾರು ತಿರುಗಿ ಬರಲಿಲ್ಲ, ಏಕೆ ಬರಲಿಲ್ಲ ಎಂದು ಕೇಳಿ. ನಾನೂ ಅದನ್ನೇ ಕೇಳಿದೆ.

"ನಮ್ಮ ಕೂಡ ಒಬ್ಬಾಕಿ ಬಂದಿದ್ಲು," ಎಂದರು ಸ್ವಾಮಿಗಳು. "ಕಡೀ ಏರಿನಾಗ ಉಸುರು ಸಾಲವಲ್ದು, ತುಸು ಕೂಡ್ತೇನಿ ಅಂದ್ಲು. ಕುಂತಾಕಿ ಏಳಲಿಲ್ಲ. ಅಲ್ಲಿ ಗಾಳಿನ ತೆಳ್ಳಗ ಐತಿ, ಸಾವಕಾರ."

ಆಮೇಲೆ ಕಂಬಳಿಯನ್ನು ಬೆರಳಿನಿಂದ ಬಡಿದು ನಕ್ಕರು. "ಇದು ಹೊದಿಯೂದಲ್ಲ, ಬಾಗಲಾ. ಹಿಮಕ್ಕ ತೊಯ್ತಂದ್ರ ಸೆಟೆದು ನಿಲ್ಲತೈತಿ, ಮೈಗೆ ಹತ್ತೂದಿಲ್ಲ. ಗಂಜಿ ಪೂರಾ ತೊಳದು ಮೆತ್ತಗ ಮಾಡ್ರಿ."

ಸವದತ್ತಿಯ ಗುಡ್ಡವನ್ನು ಗಂಟು ಹೊತ್ತು ಹತ್ತಿ ನೋಡಿರೆಂದೂ ಹೇಳಿದರು. ನಸುಕಿನಲ್ಲಿ ಹತ್ತಿದೆವು. ಅರ್ಧಕ್ಕೇ ಅಕ್ಕನ ಎದೆಯಲ್ಲಿ ಸಿಳ್ಳು ಎದ್ದಿತು. ತುಟಿ ನೀಲಿಯಾಯಿತು. ಒಂದು ಬಂಡೆ ಹಿಡಿದು, "ತುಸು ಕೂಡ್ತೇನಿ," ಎಂದಳು.

ಅದೇ ಮಾತು. ರಟ್ಟೆ ಹಿಡಿದು ಎಬ್ಬಿಸಿದೆ.

"ಬಿಡೋ, ಎತ್ತು ಎಬ್ಬಿಸಿದಂಗ ಎಬ್ಬಸ್ತಿ," ಎಂದಳು.

"ಅಕ್ಕಾ, ನೀ ಮನ್ಯಾಗಿರು. ನಿನ್ನ ಪಾಲಿಂದೂ ನಾನ ನಡದು ಬರತೇನಿ."

"ದೇವರ ಕೂಡನೂ ಚೌಕಾಸಿ ನಡಿಸೀ ಏನು?"

ಹರಿದ್ವಾರದ ತನಕ ರೈಲಿನಲ್ಲಿ ಬಾ, ಅಲ್ಲಿಯೇ ಇರು ಎಂದೆ. ಡೋಲಿ ಮಾಡಿಸುತ್ತೇನೆ ಎಂದೆ. ಡೋಲಿಯಲ್ಲಿ ಕುಳಿತರೂ ಉಸಿರು ಅವಳೇ ಎಳೆಯಬೇಕಲ್ಲ ಎಂಬುದು ಹೇಳಿದ ಮೇಲೆ ಹೊಳೆಯಿತು. ಅವಳು ಬಂಡೆ ಬಿಟ್ಟು ಇಳಿಯತೊಡಗಿದಳು. ಇಳಿಯುವಾಗ ನಾನು ದಾರಿ ನೋಡಲಿಲ್ಲ, ಅವಳ ಉಸಿರನ್ನೇ ಕೇಳುತ್ತ ಬಂದೆ.

ಮರುದಿನ ಹಳ್ಳಕ್ಕೆ ಹೋದಾಗ ಅಕ್ಕ ಕಂಬಳಿ ತುಳಿಯುತ್ತಿದ್ದಳು. ಕಂದು ಗಂಜಿ ನೀರಿನಲ್ಲಿ ಎಳೆಎಳೆಯಾಗಿ ಬಿಡುತ್ತಿತ್ತು. ನಾಲ್ಕು ಸಲ ತುಳಿದು ನಿಂತು ಉಸಿರೆಳೆಯುವಳು, ಮತ್ತೆ ತುಳಿಯುವಳು. ಇನ್ನೊಂದು ಕಂಬಳಿ ದಂಡೆಯ ಮೇಲೆ ಬಿರುಸಾಗಿ, ಒಣಗಿಯೇ ಇತ್ತು.

"ಅದನ್ನ ಯಾವಾಗ ತೊಳಿತಿ?" ಎಂದೆ.

"ಅದು ಯಾಕ? ಇಲ್ಲೇ ಮಳಿಗೆ ಬೇಕಾಗತೈತಿ," ಎಂದಳು. "ಹರಕಿ ನಂದು, ಕಾಲು ನಿಂದು. ಏರಿನಾಗ ಎಲ್ಲೂ ಕೂಡಬ್ಯಾಡ, ತಮ್ಮಾ."

ನಾನು ಕೇಳಿದ್ದು ಸಿಕ್ಕಿತ್ತು. ಆದರೂ ಆ ಒಂದೇ ಕಂಬಳಿಯ ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಹಿಂಡುವಾಗ ನನ್ನ ತುದಿ ಎರಡು ಸಲ ಕೈಯಿಂದ ಜಾರಿತು. ನೀರು ತಣ್ಣಗಿದೆ ಎಂದೆ.