ಬೆನ್ನುನೋವಿನ ಔಷಧಿ

ಅತ್ತೆ-ಸೊಸೆ ಅಂದರೆ ಹೀಗಿರಬೇಕು ಎಂದು ಆ ಬೀದಿಯವರು ತಮ್ಮ ಸೊಸೆಯರ ಕಿವಿಗೆ ಬೀಳುವಂತೆ ಹೇಳುತ್ತಿದ್ದರು. ಸೊಸೆಯರು ಬಿಡುತ್ತಿದ್ದರೇ? ಅಂಥ ಅತ್ತೆ ಸಿಕ್ಕಿದ್ದರೆ ನಾವೂ ಹಾಗೇ ಇರುತ್ತಿದ್ದೆವು ಎಂದು ಗೊಣಗುತ್ತಿದ್ದರು.

ಸೊಸೆ ಟೈಲರಮ್ಮ, ಶಾಲೆಯ ಯೂನಿಫಾರಂ ಹೊಲಿಯುವವಳು. ಬಸುರಿಯಾದಾಗಲೂ ದಿನವಿಡೀ ಮಷೀನು ತುಳಿದಳು. ಬೆನ್ನು ಹಿಡಿದುಕೊಂಡು ಏಳುವವಳನ್ನು ನೋಡಿ ಅತ್ತೆಯ ಕರುಳು ಚುರ್ ಎಂದಿತು. ಬ್ರಾಂದಿಗೆ ಬಿಸಿನೀರು ಬೆರೆಸಿ ಕೊಟ್ಟರು. ಮೊದಮೊದಲು ಎರಡು ಮುಚ್ಚಳ, ಆಮೇಲೆ ಅರ್ಧ ಲೋಟ, ಕೊನೆಕೊನೆಗೆ ಲೋಟದ ತುಂಬ. ಒಂದು ಸಂಜೆಯೂ ತಪ್ಪಲಿಲ್ಲ. ಬಾಟಲಿ ಇದ್ದದ್ದು ಔಷಧಿಗಳ ಗೂಡಿನಲ್ಲಿ. ಹಾಗಾಗಿ ಆಸ್ಪತ್ರೆಯವರು, ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದಾಗ ಟೈಲರಮ್ಮ ನಾಚಿ ನಕ್ಕು, ಇಲ್ಲ ಎಂದಳು. ಅವಳ ಮಟ್ಟಿಗೆ ಅದು ಸುಳ್ಳಲ್ಲ.

ಮಗಳು ಅಂಗೈಯಗಲ ಹುಟ್ಟಿದಳು. ಗುಬ್ಬಿ ಎಂದು ಕರೆದರು. ಊರ ಮಕ್ಕಳ ಲಂಗದ ಅಂಚನ್ನು ವರ್ಷವರ್ಷವೂ ಬಿಚ್ಚಿ ಉದ್ದ ಮಾಡುವವಳಿಗೆ ಗುಬ್ಬಿಯ ಲಂಗ ಮುಟ್ಟುವ ಕೆಲಸವೇ ಬರಲಿಲ್ಲ. ನಿನ್ನೆ ಕಲಿತ ಅಕ್ಷರ ಇವತ್ತಿಗಿಲ್ಲ. ಸೋಮಾರಿ ಎಂದು ಟೀಚರ್ ಹೊಡೆದರು. ಟೈಲರಮ್ಮನೂ ಸ್ಕೇಲಿನಿಂದ ಹೊಡೆದಳು.

ಎಂಟನೆಯ ವರ್ಷ ಒಬ್ಬ ಡಾಕ್ಟರಮ್ಮ ಗುಬ್ಬಿಯ ಮುಖವನ್ನು ಬಹಳ ಹೊತ್ತು ನೋಡಿದರು. ಬಸುರಿಯಾಗಿದ್ದಾಗ ಹೊಟ್ಟೆಗೆ ಏನೇನು ಹೋಗುತ್ತಿತ್ತು ಎಂದು ಕೇಳಿದರು. ಟೈಲರಮ್ಮ ಒಂದೊಂದಾಗಿ ಹೇಳಿದಳು, ಆ ಔಷಧಿಯನ್ನೂ.

"ಅದು ಮಗುವಿನ ಮಿದುಳಿಗೆ ತಾಕಿದೆ ಅಮ್ಮ. ವಾಸಿಯಾಗಲ್ಲ. ಹೊಡೀಬೇಡಿ, ಇಂಥ ಮಕ್ಕಳಿಗೆ ಕಲಿಸೋ ಶಾಲೆ ಇದೆ."

ಮನೆಗೆ ಬಂದು ಬಾಕಿಯಿದ್ದ ಏಳು ಕಾಲರ್ ಹೊಲಿದಳು. ಅತ್ತೆಗೆ ಅದನ್ನು ಹೇಳುವ ಮನಸ್ಸಾಗಲಿಲ್ಲ.

ಆ ತಿಂಗಳೇ ನಾದಿನಿ ಬಸುರಿಯಾಗಿ ತವರಿಗೆ ಬಂದಳು. ಸಂಜೆ ಅತ್ತೆ ನೀರು ಕಾಯಿಸಿದರು. ಟೈಲರಮ್ಮ ಮಷೀನು ಬಿಟ್ಟೆದ್ದು, ನಾದಿನಿಯ ಕೈಯಿಂದ ಲೋಟ ತೆಗೆದುಕೊಂಡು ಬಚ್ಚಲಿಗೆ ಸುರಿದಳು. ಬಟ್ಟೆಯ ಅಳತೆ ಓದುವ ದನಿಯಲ್ಲಿ, ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು.

"ಹಾಗಾದ್ರೆ ಮಗುನ ಹೀಗೆ ಮಾಡಿದ್ದು ನಾನೇನಾ?"

"ಕೊಟ್ಟೋರು ನೀವು, ಕುಡಿದೋಳು ನಾನು. ಇಬ್ರಿಗೂ ಗೊತ್ತಿರಲಿಲ್ಲ ಅತ್ತೆ. ಈಗ ಗೊತ್ತು."

ಅತ್ತೆ ಮಾತು ಬಿಟ್ಟರು. ತನ್ನ ಕೈಯ ತುತ್ತನ್ನು ವಿಷ ಅಂದಳು ಎಂದು ಮಗನ ಮುಂದೆ ಅತ್ತರು. ಮಗ ಇಬ್ಬರ ಮಾತಿಗೂ ತಲೆಯಾಡಿಸಿದ. ನಾದಿನಿ ಮಾತ್ರ ಮತ್ತೆ ಆ ಲೋಟ ಮುಟ್ಟಲಿಲ್ಲ.

ಗುಬ್ಬಿಗೆಂದು ಡಾಕ್ಟರಮ್ಮ ಹೇಳಿದ್ದ ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅದರ ಪಕ್ಕದಲ್ಲೇ ಒಂದು ಕೋಣೆ ಸಿಕ್ಕಿತು. ಗಂಡ, ಆಮೇಲೆ ಬರುತ್ತೇನೆ ಎಂದ. ಮಷೀನು ಗಾಡಿಗೇರಿದ ಬೆಳಿಗ್ಗೆ ಟೈಲರಮ್ಮ ಅತ್ತೆಯ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಬರುತ್ತೇನೆ ಎಂದಳು.

ಒಳಗಿನಿಂದ ಅತ್ತೆಯ ದನಿ ಬಂತು. "ಮಗುಗೆ ಸ್ವೆಟರ್ ಹಾಕಿದ್ಯಾ?"

"ಹಾಕಿದೀನಿ."

ಗುಬ್ಬಿಯ ಕೈ ಹಿಡಿದು ಮೆಟ್ಟಿಲಿಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.